ಹಾಜರಿ ಪುಸ್ತಕದಲ್ಲಿ ಒಂದು ಹೆಸರು



ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದಳು. ಹೆಸರು ಬೇಡ. ಆಕೆಯ 14 ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದು ಕಿಮೋಥೆರಪಿ ಆರಂಭವಾಗಿದೆಯಂತೆ. ಎಲ್ಲವನ್ನೂ ಸಮಾಧಾನದಿಂದಲೇ ಹೇಳಿದವಳು ಕೊನೆಗೆ, "ಡಾಕ್ಟ್ರು ಏನು ಮಾಡ್ಬೇಕೋ ಅದನ್ನ ಅವರು ಮಾಡ್ತಿದ್ದಾರೆ ಸಾರ್. ನಾನೇನು ಮಾಡ್ಲಿ?" ಎಂದು ಕೇಳಿ ಸುಮ್ಮನಾದಳು. ನಾನು ಇತಿಹಾಸ ಪಾಠ ಹೇಳಿದ ಮೇಷ್ಟ್ರು. ವೈದ್ಯನಲ್ಲ, ಮನಶ್ಶಾಸ್ತ್ರಜ್ಞನೂ ಅಲ್ಲ. ಆ ಹೊತ್ತಿಗೆ ಏನೋ ಎರಡು ಮಾತು ಹೇಳಿ ಧೈರ್ಯ ತುಂಬಿದೆ. ಆದರೆ ಪ್ರಶ್ನೆ ನನ್ನಲ್ಲಿಯೇ ಉಳಿಯಿತು. ಉತ್ತರವೆಂದು ಹೇಳುವಷ್ಟು ನನ್ನಲ್ಲಿ ಏನೂ ಇಲ್ಲ. ಎರಡು ಕಥೆಗಳಿವೆ. ಒಂದು ಅಮೆರಿಕದ್ದು, ಜಗತ್ತಿಗೆಲ್ಲ ತಿಳಿದದ್ದು. ಇನ್ನೊಂದು ನಾನು ಪಾಠ ಹೇಳಿದ ತಿಪಟೂರು ಕಡೆಯದು, ಯಾರಿಗೂ ತಿಳಿಯದ್ದು. ಎರಡನೆಯದರಲ್ಲಿ ನನ್ನದೊಂದು ತಪ್ಪೂ ಸೇರಿದೆ. ಅದನ್ನು ಬರೆಯಬೇಕೆಂದುಕೊಂಡು ಎಷ್ಟೋ ವರ್ಷಗಳಾದವು.

ಮೊದಲು ಈ ಚಿಕಿತ್ಸೆ ಎಲ್ಲಿಂದ ಬಂತೆಂಬುದನ್ನು ನೋಡೋಣ. ಕ್ಯಾನ್ಸರಿಗೆ ಕೊಡುವ ಈ ರಾಸಾಯನಿಕ ಔಷಧಿಗಳ ಮೂಲಪುರುಷ ಒಂದು ಯುದ್ಧದ ವಿಷ. ಮೊದಲನೆಯ ಮಹಾಯುದ್ಧದಲ್ಲಿ, 1917ರ ಜುಲೈ ತಿಂಗಳಿನಲ್ಲಿ, ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನ್ಯವು ಸಾಸಿವೆ ಅನಿಲವನ್ನು ಪ್ರಯೋಗಿಸಿದುದನ್ನು ಹತ್ತನೆಯ ತರಗತಿಯಲ್ಲಿ ನಾನು ನಿಮಗೆ ಹೇಳಿದ್ದು ನೆನಪಿರಬಹುದು. ಅದಕ್ಕೂ ನಮ್ಮ ಒಗ್ಗರಣೆಯ ಸಾಸಿವೆಗೂ ಸಂಬಂಧವಿಲ್ಲ. ವಾಸನೆಯಿಂದ ಬಂದ ಹೆಸರು ಅಷ್ಟೆ. ಅದು ತಗುಲಿದವರ ಮೈಮೇಲೆ ಬೊಬ್ಬೆಗಳು ಏಳುತ್ತಿದ್ದವು, ಕಣ್ಣು ಕುರುಡಾಗುತ್ತಿತ್ತು, ಶ್ವಾಸಕೋಶ ಸುಡುತ್ತಿತ್ತು. ಯುದ್ಧ ಮುಗಿದ ಮೇಲೆ, ಸತ್ತ ಸೈನಿಕರ ದೇಹಗಳನ್ನು ಪರೀಕ್ಷಿಸಿದ ವೈದ್ಯರು ಮತ್ತೊಂದು ಸಂಗತಿಯನ್ನು ಗಮನಿಸಿದರು. ಅವರ ರಕ್ತದಲ್ಲಿ ಬಿಳಿಯ ಕಣಗಳು ಕುಸಿದಿದ್ದವು. ಕಣಗಳನ್ನು ಹುಟ್ಟಿಸುವ ಮೂಳೆಯ ಮಜ್ಜೆ ಬರಿದಾಗಿತ್ತು.

ಈ ಸಂಗತಿಯ ಬೆಲೆ ತಿಳಿಯಲು ಎರಡನೆಯ ಮಹಾಯುದ್ಧವೇ ಬರಬೇಕಾಯಿತು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಲೂಯಿಸ್ ಗುಡ್‌ಮನ್ ಮತ್ತು ಆಲ್‌ಫ್ರೆಡ್ ಗಿಲ್‌ಮನ್ ಎಂಬ ಇಬ್ಬರು ತರುಣ ವಿಜ್ಞಾನಿಗಳಿಗೆ ಈ ವಿಷವನ್ನು ಅಭ್ಯಾಸ ಮಾಡುವ ಕೆಲಸವನ್ನು ಸರ್ಕಾರ ವಹಿಸಿತು. ಬಿಳಿಯ ಕಣಗಳನ್ನು ಕೊಲ್ಲುವ ವಸ್ತುವು, ಬಿಳಿಯ ಕಣಗಳೇ ಹದ್ದುಮೀರಿ ಬೆಳೆಯುವ ಕ್ಯಾನ್ಸರನ್ನೂ ಕೊಲ್ಲಬಹುದಲ್ಲವೇ ಎಂದು ಅವರು ಯೋಚಿಸಿದರು. ಅನಿಲದ ರೂಪವನ್ನು ಸ್ವಲ್ಪ ಮಾರ್ಪಡಿಸಿ, ರಕ್ತನಾಳಕ್ಕೆ ಕೊಡಬಹುದಾದ ನೈಟ್ರೋಜನ್ ಮಸ್ಟರ್ಡ್ ಎಂಬ ಔಷಧಿಯನ್ನು 1942ರಲ್ಲಿ ಒಬ್ಬ ರೋಗಿಗೆ ಕೊಟ್ಟರು. ಕತ್ತಿನ ಸುತ್ತ ಬೆಳೆದಿದ್ದ ಗಡ್ಡೆಗಳು ಕೆಲವೇ ದಿನಗಳಲ್ಲಿ ಕರಗಿದವು. ಆದರೆ ಮತ್ತೆ ಬೆಳೆದವು, ರೋಗಿ ಉಳಿಯಲಿಲ್ಲ. ಯುದ್ಧಕಾಲದ ಗುಟ್ಟಾದುದರಿಂದ ಈ ಸುದ್ದಿ ಹೊರಬಂದದ್ದು 1946ರಲ್ಲಿ. ಇಟಲಿಯ ಬಾರಿ ಬಂದರಿನಲ್ಲಿ 1943ರ ಡಿಸೆಂಬರ್ 2ರಂದು ಜರ್ಮನ್ ವಿಮಾನಗಳ ದಾಳಿಗೆ ಸಿಕ್ಕ ಹಡಗೊಂದರಿಂದ ಸಾಸಿವೆ ವಿಷ ಸೋರಿ ನೂರಾರು ಜನರು ನರಳಿದ ದುರಂತದಿಂದಲೇ ಕಿಮೋಥೆರಪಿ ಹುಟ್ಟಿತೆಂದು ಅನೇಕರು ಬರೆಯುತ್ತಾರೆ. ಅದು ಸರಿಯಲ್ಲ. ಬಾರಿಯ ವರದಿ ಆ ಅರಿವನ್ನು ಬಲಪಡಿಸಿತು, ನಿಜ. ಆದರೆ ಯೇಲ್ ಪ್ರಯೋಗ ಅದಕ್ಕಿಂತ ಒಂದು ವರ್ಷ ಮೊದಲೇ ನಡೆದಿತ್ತು.

ಈಗ ಅಮೆರಿಕದ ಕಥೆಗೆ ಬರುತ್ತೇನೆ.

ಜಾನ್ ಗಂಥರ್ ಎಂಬವರು ಆ ಕಾಲದ ಬಹು ಪ್ರಸಿದ್ಧ ಪತ್ರಕರ್ತರು. 1936ರಲ್ಲಿ ಯೂರೋಪನ್ನು ಕುರಿತೂ, 1939ರಲ್ಲಿ ಏಷ್ಯಾವನ್ನು ಕುರಿತೂ ಅವರು ಬರೆದ ಪುಸ್ತಕಗಳು ಜಗತ್ತಿನಾದ್ಯಂತ ಓದಲ್ಪಟ್ಟವು. ಏಷ್ಯಾದ ಪುಸ್ತಕದಲ್ಲಿ ಗಾಂಧೀಜಿಯವರ, ನೆಹರೂ ಅವರ ಚಿತ್ರಗಳಿವೆ. ಅವರ ಪತ್ನಿ ಫ್ರಾನ್ಸಿಸ್ ನಮ್ಮ ಸ್ವಾತಂತ್ರ್ಯ ಹೋರಾಟದ ಅಭಿಮಾನಿ. ನೆಹರೂ ಅವರೊಡನೆ ಆಕೆಯ ಪತ್ರವ್ಯವಹಾರ ವರ್ಷಗಳ ಕಾಲ ನಡೆಯಿತು. 1944ರಲ್ಲಿ ಭಾರತದ ಕ್ರಾಂತಿಯನ್ನು ಕುರಿತು ಒಂದು ಪುಸ್ತಕವನ್ನೂ ಆಕೆ ಬರೆದರು. ಅದೇ ವರ್ಷ ದಂಪತಿಗಳು ವಿಚ್ಛೇದನ ಪಡೆದು ಬೇರೆಯಾದರು. ಅವರಿಗೆ ಬದುಕಿದ್ದವನು ಒಬ್ಬನೇ ಮಗ. ತಂದೆಯ ಹೆಸರನ್ನೇ ಇಟ್ಟುಕೊಂಡ ಜಾನಿ. ಹುಟ್ಟಿದ್ದು 1929ರ ನವೆಂಬರಿನಲ್ಲಿ. ಮ್ಯಾಸಚೂಸೆಟ್ಸ್ ರಾಜ್ಯದ ಡೀರ್‌ಫೀಲ್ಡ್ ಅಕಾಡೆಮಿ ಎಂಬ ವಸತಿಶಾಲೆಯಲ್ಲಿ ಓದುತ್ತಿದ್ದ. ರಸಾಯನಶಾಸ್ತ್ರ, ಭೌತಶಾಸ್ತ್ರ ಎಂದರೆ ಪ್ರಾಣ. ಅಮೋನಿಯಾ ಅನಿಲವನ್ನು ದ್ರವರೂಪಕ್ಕೆ ತರುವ ಪ್ರಯೋಗವೊಂದು ಅವನ ತಲೆಯನ್ನು ತುಂಬಿತ್ತು.

1946ರ ಏಪ್ರಿಲ್‌ನಲ್ಲಿ ಅವನಿಗೆ ಕತ್ತು ನೋವು ಬಂತು. ಸಣ್ಣ ನೋವೆಂದುಕೊಂಡರು. ಕಣ್ಣು ಪರೀಕ್ಷಿಸಿದಾಗ ಮಿದುಳಿನಲ್ಲಿ ಒತ್ತಡವಿರುವುದು ತಿಳಿಯಿತು. ನ್ಯೂಯಾರ್ಕಿನಲ್ಲಿ ತಲೆಬುರುಡೆ ತೆರೆದು ನೋಡಿದರೆ ಕಿತ್ತಳೆ ಹಣ್ಣಿನ ಗಾತ್ರದ ಗಡ್ಡೆ. ವೈದ್ಯರಿಗೆ ಅರ್ಧದಷ್ಟನ್ನು ಮಾತ್ರ ತೆಗೆಯಲು ಸಾಧ್ಯವಾಯಿತು. ಹುಡುಗನಿಗೆ ಆಗ 16 ವರ್ಷ. ಬೇರೆಯಾಗಿದ್ದ ತಂದೆ ತಾಯಿ ಮಗನ ಹಾಸಿಗೆಯ ಎರಡು ಪಕ್ಕಗಳಲ್ಲಿ ಮತ್ತೆ ಒಟ್ಟಿಗೆ ನಿಂತರು.

ಮುಂದಿನ ಸುಮಾರು 15 ತಿಂಗಳುಗಳ ಕಥೆಯನ್ನು ತಂದೆ 1949ರಲ್ಲಿ 'ಡೆತ್ ಬಿ ನಾಟ್ ಪ್ರೌಡ್' ಎಂಬ ಸಣ್ಣ ಪುಸ್ತಕವಾಗಿ ಪ್ರಕಟಿಸಿದರು. ಜಾನ್ ಡನ್ ಕವಿಯ ಒಂದು ಸುನೀತದಿಂದ ಆ ಹೆಸರು ಬಂದಿದೆ. ಅಮೆರಿಕದ ಪ್ರೌಢಶಾಲೆಗಳಲ್ಲಿ ಅದನ್ನು ಎಷ್ಟೋ ತಲೆಮಾರಿನ ಮಕ್ಕಳು ಓದಿದ್ದಾರೆ. ನನಗೆ ಅದು ಸಿಕ್ಕಿದ್ದು 1994ರಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ. ಹದಿನೈದು ರೂಪಾಯಿ ಕೊಟ್ಟೆ. ರೈಲಿನಲ್ಲಿ ಓದಲಾರಂಭಿಸಿದವನು ತಿಪಟೂರು ಬಂದರೂ ಇಳಿಯುವುದನ್ನು ಮರೆತು ಅರಸೀಕೆರೆಗೆ ಹೋಗಿ ಇಳಿದೆ. ಏಕೆ ಹಾಗಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಶಸ್ತ್ರಕ್ರಿಯೆಯಾಯಿತು, ಕ್ಷಕಿರಣವಾಯಿತು. ಗಡ್ಡೆ ಬೆಳೆಯುತ್ತಲೇ ಹೋಯಿತು. ಪತ್ರಕರ್ತನಾದ ತಂದೆ ಸುದ್ದಿಯನ್ನು ಹುಡುಕುವ ರೀತಿಯಲ್ಲಿಯೇ ಔಷಧಿಯನ್ನು ಹುಡುಕಿದರು. ಬಲ್ಲವರನ್ನೆಲ್ಲ ಕೇಳಿದರು, ಕಾಗದ ಬರೆದರು. ಆಗತಾನೇ ಗುಟ್ಟಿನ ಮುಸುಕಿನಿಂದ ಹೊರಬರುತ್ತಿದ್ದ ನೈಟ್ರೋಜನ್ ಮಸ್ಟರ್ಡ್ ಅವರ ಕಿವಿಗೆ ಬಿತ್ತು. 1946ರಲ್ಲಿಯೇ ಅದನ್ನು ಜಾನಿಯ ರಕ್ತನಾಳಕ್ಕೆ ಕೊಡಲಾಯಿತು. ಯುದ್ಧದ ವಿಷವು ತನ್ನ ಮೈಯೊಳಗೆ ಹೋಗುತ್ತಿದೆಯೆಂಬುದು ರಸಾಯನಶಾಸ್ತ್ರದ ಹುಚ್ಚಿನ ಆ ಹುಡುಗನಿಗೆ ತಿಳಿಯದ ಮಾತಲ್ಲ. ಬಹುಶಃ ಕಿಮೋಥೆರಪಿ ಪಡೆಯುವ ಹದಿಹರೆಯದ ಮಗನ ಪಕ್ಕದಲ್ಲಿ ಕುಳಿತ ತಂದೆಯೊಬ್ಬರು ತಾವು ಕಂಡುದನ್ನು ಬರೆದಿಟ್ಟ ಮೊದಲ ಪುಸ್ತಕಗಳಲ್ಲಿ ಇದೂ ಒಂದು.

ಆ ಔಷಧಿ ಅವನನ್ನು ಉಳಿಸಲಿಲ್ಲ. ಕಾರಣ ಈಗ ನಮಗೆ ತಿಳಿದಿದೆ. ರಕ್ತದಲ್ಲಿರುವ ವಸ್ತುಗಳೆಲ್ಲ ಮಿದುಳಿಗೆ ಹೋಗದಂತೆ ತಡೆಯುವ ಒಂದು ಗೋಡೆಯನ್ನು ಪ್ರಕೃತಿಯೇ ಇಟ್ಟಿದೆ. ಅದನ್ನು ದಾಟಿ ಗಡ್ಡೆಯನ್ನು ಸಾಕಷ್ಟು ಪ್ರಮಾಣದಲ್ಲಿ ಮುಟ್ಟುವ ಶಕ್ತಿ ಈ ಔಷಧಿಗೆ ಇರಲಿಲ್ಲ. ಆ ಗೋಡೆಯನ್ನು ದಾಟಬಲ್ಲ ಟೆಮೊಜೊಲೊಮೈಡ್ ಎಂಬ ಔಷಧಿಯಿಂದ ಇಂಥ ಗಡ್ಡೆಯ ರೋಗಿಗಳ ಆಯುಷ್ಯ ಹೆಚ್ಚುತ್ತದೆಂದು ತಿಳಿದದ್ದು 2005ರಲ್ಲಿ. ಅದೂ ಸರಾಸರಿ 12 ತಿಂಗಳಿನಿಂದ 14-15 ತಿಂಗಳಿಗೆ ಅಷ್ಟೆ. ಎಂದರೆ ಜಾನಿಯ ಕಾಯಿಲೆ ಇಂದಿಗೂ ವೈದ್ಯಶಾಸ್ತ್ರಕ್ಕೆ ಪೂರ್ತಿ ಮಣಿದಿಲ್ಲ. ಆ ತಂದೆ ತಾಯಿ ಮಾಡಬಹುದಾಗಿದ್ದನ್ನು ಮಾಡದೆ ಬಿಟ್ಟರು ಎಂದು ಹೇಳುವಂತಿಲ್ಲ.

ಮಸ್ಟರ್ಡ್ ಸೋತ ಮೇಲೆ ಅವರು ಪಥ್ಯದ ಚಿಕಿತ್ಸೆಯ ಕಡೆಗೆ ತಿರುಗಿದರು. ಮ್ಯಾಕ್ಸ್ ಗೆರ್ಸನ್ ಎಂಬ ವೈದ್ಯರು ಉಪ್ಪಿಲ್ಲದ, ಕೊಬ್ಬಿಲ್ಲದ ಊಟ, ಹಣ್ಣು ತರಕಾರಿಗಳ ರಸ ಇವುಗಳಿಂದ ಕ್ಯಾನ್ಸರ್ ವಾಸಿಯಾಗುತ್ತದೆಂದು ಹೇಳುತ್ತಿದ್ದರು. ಹುಡುಗ ತಿಂಗಳುಗಟ್ಟಲೆ ಆ ಪಥ್ಯ ಮಾಡಿದ. ಮೊದಮೊದಲು ಚೇತರಿಸಿಕೊಂಡಂತೆಯೂ ಕಂಡ. ಆಮೇಲೆ ಗಡ್ಡೆ ಮತ್ತೆ ತಲೆಯೆತ್ತಿತು. ಆ ಪಥ್ಯ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂಬುದಕ್ಕೆ ಇಂದಿಗೂ ಪುರಾವೆಯಿಲ್ಲ. ಜಗತ್ತನ್ನೆಲ್ಲ ಸುತ್ತಿ, ಮಂತ್ರಿಗಳನ್ನೂ ಸರ್ವಾಧಿಕಾರಿಗಳನ್ನೂ ಪ್ರಶ್ನಿಸಿದ್ದ ಮನುಷ್ಯ ಇದನ್ನು ಹೇಗೆ ನಂಬಿದರೆಂದು ನಗಬೇಡಿ. ಮಗುವಿಗೆ ಹೀಗಾದಾಗ ಯಾವ ಬಾಗಿಲನ್ನೂ ತಟ್ಟದೆ ಬಿಡಲು ಮನಸ್ಸು ಒಪ್ಪುವುದಿಲ್ಲ. ನಮ್ಮಲ್ಲಿಯೂ ಬೇರು, ಭಸ್ಮ, ಮಂತ್ರಿಸಿದ ತಾಯಿತ ಎಂದು ಹೇಳಿಕೊಂಡು ಬರುವ ಬಂಧುಗಳಿಗೆ ಬರವಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಗಂಥರ್ ದಂಪತಿಗಳು ವೈದ್ಯಶಾಸ್ತ್ರ ಕೈಚೆಲ್ಲಿದ ಮೇಲೆ ಆ ಬಾಗಿಲು ತಟ್ಟಿದರು. ಇಂದು ಗುಣವಾಗಬಹುದಾದ ಕಾಯಿಲೆಯ ಮಕ್ಕಳನ್ನು ಚಿಕಿತ್ಸೆಯ ನಡುವಿನಲ್ಲಿಯೇ ಬಿಡಿಸಿಕೊಂಡು ಹೋಗಿ ಕಳೆದುಕೊಂಡವರನ್ನು ನಾನು ಬಲ್ಲೆ.

ಕಾಯಿಲೆಯ ವಿಚಾರವನ್ನು ಹುಡುಗನಿಗೆ ಹೇಳಬೇಕೇ ಬೇಡವೇ ಎಂಬುದು ಆ ತಂದೆ ತಾಯಿಯನ್ನು ಬಹುವಾಗಿ ಕಾಡಿತು. ಪೂರ್ತಿ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮಿದುಳಿನಲ್ಲಿದ್ದುದು ಗಡ್ಡೆಯೆಂದು ವೈದ್ಯರೇ ಅವನಿಗೆ ತಿಳಿಸಿದರು. ಆಗ ಆ ಹುಡುಗ ಕೇಳಿದ್ದು ತನ್ನ ವಿಷಯವನ್ನಲ್ಲ. ಇದು ತನ್ನ ತಂದೆ ತಾಯಿಗೆ ಗೊತ್ತೇ, ಅವರಿಗೆ ಇದನ್ನು ಹೇಗೆ ತಿಳಿಸುವುದು ಎಂದು ಕೇಳಿದನಂತೆ. ಪುಸ್ತಕದಲ್ಲಿ ಈ ಭಾಗಕ್ಕೆ ಬಂದಾಗ ನಾನು ಸ್ವಲ್ಪ ಹೊತ್ತು ಪುಟ ತಿರುವದೆ ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಗಂಥರ್ ದಂಪತಿಗಳು ಮಾಡಿದ ಮತ್ತೊಂದು ಕೆಲಸವೇ ನನ್ನ ಈ ಲೇಖನದ ವಿಷಯ. ಅವರು ಮಗನನ್ನು ರೋಗಿಯಾಗಿ ಮಾತ್ರ ನೋಡಲು ಒಪ್ಪಲಿಲ್ಲ, ವಿದ್ಯಾರ್ಥಿಯಾಗಿಯೇ ಉಳಿಸಿದರು. ಹೋದ ಪಾಠಗಳನ್ನು ಮನೆಪಾಠದ ಶಿಕ್ಷಕರಿಂದ ಹೇಳಿಸಿದರು. ಅವನು ದಿನಚರಿ ಬರೆದ, ಪ್ರಯೋಗಗಳ ಲೆಕ್ಕ ಹಾಕಿದ, ಎಡಗೈ ಬಲಗುಂದುತ್ತಿದ್ದರೂ ಪರೀಕ್ಷೆಗೆ ಕುಳಿತ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅವನಿಗೆ ಪ್ರವೇಶವೂ ದೊರೆಯಿತು. ಡೀರ್‌ಫೀಲ್ಡ್ ಶಾಲೆಯ ಮುಖ್ಯೋಪಾಧ್ಯಾಯರು ಫ್ರ್ಯಾಂಕ್ ಬಾಯ್ಡನ್. 1902ರಿಂದ 1968ರವರೆಗೆ, ಎಂದರೆ 66 ವರ್ಷಗಳ ಕಾಲ, ಒಂದೇ ಶಾಲೆಯ ಮುಖ್ಯಸ್ಥರಾಗಿದ್ದ ಅಪರೂಪದ ಮನುಷ್ಯ. ವರ್ಷಕ್ಕೂ ಹೆಚ್ಚು ಕಾಲ ತರಗತಿಗೆ ಬಾರದಿದ್ದ ಹುಡುಗನನ್ನು ಅವರು ತಮ್ಮ ಶಾಲೆಯವನಲ್ಲ ಎನ್ನಲಿಲ್ಲ. ಬಾಕಿ ಕೆಲಸವನ್ನು ಮುಗಿಸಿದ ಜಾನಿ 1947ರ ಜೂನ್ ಮೊದಲ ವಾರದಲ್ಲಿ ಸಹಪಾಠಿಗಳೊಡನೆ ಪದವಿಪತ್ರ ಪಡೆಯಲು ಬಂದ. ತಲೆಗೆ ಬಿಳಿಯ ಬಟ್ಟೆ ಸುತ್ತಿತ್ತು. ನಡಿಗೆ ನಿಧಾನವಾಗಿತ್ತು. ಆದರೂ ಯಾರ ಆಸರೆಯನ್ನೂ ಪಡೆಯದೆ ಆ ಉದ್ದನೆಯ ಹಾದಿಯನ್ನು ತಾನೇ ನಡೆದು ಹೋಗಿ ಪದವಿಪತ್ರವನ್ನು ಕೈಗೆ ತೆಗೆದುಕೊಂಡ. ಆ ತಿಂಗಳ 30ರಂದು ತೀರಿಕೊಂಡ. 17 ವರ್ಷ ವಯಸ್ಸು.

ಇನ್ನು ನಮ್ಮ ಕಡೆಯ ಕಥೆ.

1989ರಲ್ಲಿ ನಾನು ತಿಪಟೂರು ಸಮೀಪದ ಒಂದು ಪ್ರೌಢಶಾಲೆಯಲ್ಲಿದ್ದೆ. ಹತ್ತನೆಯ ತರಗತಿಯ ಕ್ಲಾಸ್ ಟೀಚರ್ ನಾನೇ. ಜೂನ್ ತಿಂಗಳಿನಲ್ಲಿ ಒಬ್ಬ ಹುಡುಗನ ಕತ್ತಿನ ಪಕ್ಕದಲ್ಲಿ ಗಂಟು ಕಾಣಿಸಿಕೊಂಡಿತು. ಊರಿನಲ್ಲಿ ಶಾಖ ಕೊಟ್ಟರು, ಪಟ್ಟು ಹಾಕಿದರು. ಗಂಟು ಒಂದಿದ್ದುದು ಮೂರಾಯಿತು. ಆಗಸ್ಟಿನ ಹೊತ್ತಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಅದು ಹಾಡ್ಜ್‌ಕಿನ್ ಕಾಯಿಲೆಯೆಂದು, ಎಂದರೆ ದುಗ್ಧಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್ ಎಂದು ತಿಳಿಯಿತು. ತಂದೆಗೆ ಎರಡು ಎಕರೆ ತೆಂಗಿನ ತೋಟ. ಓದು ನಾಲ್ಕನೆಯ ತರಗತಿ. ತಿಂಗಳಿಗೊಂದು ಸುತ್ತಿನಂತೆ ಆರು ಸುತ್ತು ಔಷಧಿ ಎಂದರು. ಅಟ್ಟದ ಮೇಲೆ ಒಣಗುತ್ತಿದ್ದ ಕೊಬ್ಬರಿಯನ್ನು ಬೆಲೆ ಬರುವವರೆಗೂ ಕಾಯದೆ ಆತ ಮಾರಿದರು. ಮಗನನ್ನು ಕರೆದುಕೊಂಡು ರೈಲಿನಲ್ಲಿ ಹೋಗಿ, ಯಶವಂತಪುರದ ನೆಂಟರ ಮನೆಯಲ್ಲಿ ಉಳಿದು, ಔಷಧಿ ಹಾಕಿಸಿ ಕರೆತರುತ್ತಿದ್ದರು.

ವಾಂತಿ ತಡೆಯಲು ಈಗ ಕೊಡುವ ಒಂಡಾನ್‌ಸೆಟ್ರಾನ್ ಮೊದಲಾದ ಔಷಧಿಗಳು ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಆ ಹುಡುಗನ ಕಾಲಕ್ಕೆ ಅವು ಇರಲಿಲ್ಲ. ಹಿಂದಿರುಗುವ ರೈಲಿನಲ್ಲಿ ಆ ತಂದೆ ಮಡಿಲಲ್ಲಿ ಒಂದು ಅಗಲ ಬಾಯಿಯ ಪಾತ್ರೆ ಇಟ್ಟುಕೊಂಡು, ಮೇಲೆ ಟವೆಲ್ ಮುಚ್ಚಿ ಕುಳಿತಿರುತ್ತಿದ್ದುದನ್ನು ನಾನೇ ಒಮ್ಮೆ ಕಂಡಿದ್ದೇನೆ. ಮಗ ಬಾಗಿದಾಗ ಬೆನ್ನು ಸವರುವುದು, ಪಾತ್ರೆ ತೊಳೆದು ತರುವುದು, ಮತ್ತೆ ಕೂರುವುದು. ಗುಬ್ಬಿಯಿಂದ ತಿಪಟೂರಿನವರೆಗೆ ನಾನು ಎದುರಿಗೇ ಇದ್ದೆ. ಅವರಿಬ್ಬರೂ ಒಂದು ಮಾತೂ ಆಡಲಿಲ್ಲ.

ಹುಡುಗನ ತಲೆಯ ಕೂದಲು ಉದುರಿತು. ಬೇಗ ಬೇಗ ಬೆಳೆಯುವ ಕಣಗಳನ್ನು ಕೊಲ್ಲುವುದು ಈ ಔಷಧಿಗಳ ಕೆಲಸ. ಕೂದಲಿನ ಬೇರು, ಹೊಟ್ಟೆಯ ಒಳಪದರ, ಮಜ್ಜೆ ಇವೆಲ್ಲವೂ ಬೇಗ ಬೆಳೆಯುವಂಥವೇ ಆದುದರಿಂದ ಅವಕ್ಕೂ ಪೆಟ್ಟು ಬೀಳುತ್ತದೆ. ಸಹಪಾಠಿಗಳು ಕೇಳಿದರೆ ಅವನು "ತಿರುಪತಿಗೆ ಹೋಗಿದ್ದೆ, ಮುಡಿ ಕೊಟ್ಟೆ" ಎನ್ನುತ್ತಿದ್ದ. ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಮನೆಯಲ್ಲಿ ತಾಯಿಗೆ ಕತ್ತಿನ ಗಂಟು ಎಂದಷ್ಟೇ ಹೇಳಿದ್ದರು. ಹುಡುಗನಿಗೂ ಏನೂ ತಿಳಿಯದೆಂದು ತಂದೆ ನಂಬಿದ್ದರು. ನಮ್ಮ ನಾಡಿನಲ್ಲಿ ಕಿದ್ವಾಯಿ ಎಂಬ ಹೆಸರೇ ಕಾಯಿಲೆಯ ಹೆಸರೂ ಆಗಿರುವಾಗ, ಓದು ಬರುವ ಹುಡುಗನಿಂದ ಏನನ್ನು ಮುಚ್ಚಿಡುವುದು? ಒಂದು ದಿನ ನನ್ನೊಡನೆ ಅವನೇ, "ಅವ್ವಂಗೆ ಹೇಳ್ಬೇಡಿ ಸಾರ್, ಊಟ ಬಿಡ್ತಾಳೆ" ಎಂದ. ಎಲ್ಲರೂ ಎಲ್ಲರಿಂದಲೂ ಮುಚ್ಚಿಡುತ್ತಿದ್ದರು, ಎಲ್ಲರಿಗೂ ತಿಳಿದಿತ್ತು.

ನನ್ನ ತಪ್ಪು ಇಲ್ಲಿದೆ. ಅಕ್ಟೋಬರ್ ಹೊತ್ತಿಗೆ ಹುಡುಗನ ಹಾಜರಿ ಅರ್ಧಕ್ಕೂ ಇರಲಿಲ್ಲ. ಪರೀಕ್ಷೆಗೆ ಕೂರಬೇಕಾದರೆ ನೂರಕ್ಕೆ 75 ಹಾಜರಿ ಬೇಕು. ವೈದ್ಯರ ಪ್ರಮಾಣಪತ್ರವಿದ್ದರೆ ಇಲಾಖೆಗೆ ಬರೆದು ವಿನಾಯಿತಿ ಕೇಳುವ ದಾರಿಯೊಂದಿತ್ತು. ಅದು ತಿರುಗಾಟದ ಕೆಲಸ. ಅದಕ್ಕಿಂತ ಮುಖ್ಯವಾಗಿ, ನಾಚಿಕೆಯಿಂದ ಹೇಳುತ್ತೇನೆ, ನಮ್ಮ ಶಾಲೆಯ ಫಲಿತಾಂಶದ ಲೆಕ್ಕ ನನ್ನ ತಲೆಯಲ್ಲಿತ್ತು. ನಪಾಸಾಗುವವರ ಸಂಖ್ಯೆಗೆ ಒಂದು ಸೇರುವುದು ಬೇಡವೆನಿಸಿತ್ತು. ಕನಿಕರವೂ ಇತ್ತು, ಎರಡೂ ಬೆರೆತಿದ್ದವು. ತಂದೆಯನ್ನು ಕರೆಸಿ, "ಈ ವರ್ಷ ಓದು ಬೇಡ. ಟಿ.ಸಿ. ತೆಗೆದುಕೊಂಡು ಹೋಗಿ. ವಾಸಿಯಾದ ಮೇಲೆ ನೋಡೋಣ" ಎಂದೆ. "ವಾಸಿಯಾದ ಮೇಲೆ" ಎಂದಾಗ ನನ್ನ ದನಿಯಲ್ಲಿ ನಂಬಿಕೆಯಿರಲಿಲ್ಲ. ಅದನ್ನು ಆತ ಗುರುತಿಸಿದರೆಂದು ಕಾಣುತ್ತದೆ.

ಆತ ಎದ್ದು ನಿಂತರು. ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಮೇಷ್ಟ್ರೇ, ಬರಲಿಲ್ಲ ಅಂತ್ಲೇ ಬರೀರಿ, ಬೇಡ ಅನ್ನಲ್ಲ. ದಿನಾ ಬರೀರಿ. ಹಾಜರಿ ಪುಸ್ತಕದಾಗೆ ಅವನ ಹೆಸರು ಮಾತ್ರ ಹೊಡೀಬೇಡಿ. ಅಲ್ಲಿ ಹೆಸರು ಐತೆ ಅಂತ ಅವನು ಔಷಧಿ ಹಾಕಿಸ್ಕೋತಾವ್ನೆ" ಎಂದರು.

ನಾನು ಏನೂ ಹೇಳದೆ ಪುಸ್ತಕ ಮುಚ್ಚಿದೆ. ಹೆಸರು ಹೊಡೆಯಲಿಲ್ಲ. ಆದರೆ ಆ ಕ್ಷಣದಲ್ಲಿ ಅದನ್ನು ನಾನು ಹಳ್ಳಿಯ ಮನುಷ್ಯನ ಹಟವೆಂದೇ ತಿಳಿದಿದ್ದೆ. ಮರುದಿನದಿಂದ ಹಾಜರಿ ಕೂಗುವಾಗ ಅವನ ಹೆಸರು ಬರುತ್ತಿತ್ತು. ಉಳಿದ ಹುಡುಗರು "ಬಂದಿಲ್ಲ ಸಾರ್" ಎನ್ನುತ್ತಿದ್ದರು. ಕೆಲವು ದಿನಗಳ ಮೇಲೆ ಅವರಲ್ಲಿ ಒಬ್ಬ ತಾನಾಗಿಯೇ ಟಿಪ್ಪಣಿ ಬರೆದು ಅವನ ಮನೆಗೆ ಕೊಟ್ಟು ಬರಲಾರಂಭಿಸಿದ. ಆಮೇಲೆ ಸರದಿ ಹಾಕಿಕೊಂಡರು. ನಾನೂ ಕೊನೆಗೆ ತುಮಕೂರಿನ ಕಚೇರಿಗೆ ನಾಲ್ಕು ಸಲ ತಿರುಗಿ ವಿನಾಯಿತಿ ಪಡೆದೆ. 1990ರ ಬೇಸಿಗೆಯಲ್ಲಿ ಅವನು ಪರೀಕ್ಷೆ ಬರೆದ. ಗಣಿತದಲ್ಲಿ 38 ಬಂತು. ಉಳಿದವುಗಳಲ್ಲಿ ಪರವಾಗಿಲ್ಲ. ಪಾಸಾದ.

ನಾಲ್ಕು ವರ್ಷಗಳ ನಂತರ ರೈಲಿನಲ್ಲಿ ಗಂಥರ್ ಅವರ ಪುಸ್ತಕ ಓದುವಾಗ, ನಮ್ಮ ಊರಿನ ಆ ತಂದೆ ನನ್ನಿಂದ ಕೇಳಿದ್ದೇನೆಂಬುದು ಅರ್ಥವಾಯಿತು. ಅಮೆರಿಕದ ಪ್ರಸಿದ್ಧ ಲೇಖಕ ದಂಪತಿಗಳು ಹಣ, ವಿದ್ಯೆ, ಪರಿಚಯ ಎಲ್ಲವನ್ನೂ ಖರ್ಚು ಮಾಡಿ ಮಗನಿಗೆ ಉಳಿಸಿಕೊಟ್ಟದ್ದನ್ನೇ ನಾಲ್ಕನೆಯ ತರಗತಿ ಓದಿದ ಈ ಮನುಷ್ಯ ಎರಡು ಮಾತಿನಲ್ಲಿ ಕೇಳಿದ್ದರು. ಹುಡುಗನಿಗೆ ನಾಳೆಯೊಂದು ಇರಬೇಕು. ಅದು ಎಲ್ಲಿಯಾದರೂ ಬರೆದಿರಬೇಕು. ಡೀರ್‌ಫೀಲ್ಡ್‌ನ ಮುಖ್ಯೋಪಾಧ್ಯಾಯರು ಯಾರೂ ಹೇಳದೆ ಅದನ್ನು ಅರಿತಿದ್ದರು. ನನಗೆ ಒಬ್ಬ ತಂದೆ ಎದ್ದು ನಿಂತು ಹೇಳಬೇಕಾಯಿತು. ಅರಸೀಕೆರೆಯ ಪ್ಲಾಟ್‌ಫಾರ್ಮಿನಲ್ಲಿ ಹಿಂದಿರುಗುವ ಗಾಡಿಗೆ ಕಾಯುತ್ತ ನಾನು ಯೋಚಿಸಿದ್ದು ಇದನ್ನೇ.

ಎರಡು ಕಥೆಗಳಿಗೂ ಔಷಧಿಯ ಮೂಲಕ ಒಂದು ನಂಟಿರುವುದು ನನಗೆ ತಿಳಿದದ್ದು ಇನ್ನೂ ತಡವಾಗಿ. ಜಾನಿಯನ್ನು ಉಳಿಸಲಾರದ ನೈಟ್ರೋಜನ್ ಮಸ್ಟರ್ಡನ್ನು ವೈದ್ಯರು ಕೈಬಿಡಲಿಲ್ಲ. ಒಂದೊಂದಾಗಿ ಸೋಲುವ ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ಗೆಲ್ಲಬಹುದೆಂದು 1960ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ವಿನ್ಸೆಂಟ್ ಡಿವೀಟ ಮತ್ತು ಸಂಗಡಿಗರು ನಾಲ್ಕು ಔಷಧಿಗಳನ್ನು ಸೇರಿಸಿ ಹಾಡ್ಜ್‌ಕಿನ್ ಕಾಯಿಲೆಗೆ ಕೊಟ್ಟರು. ಅವುಗಳಲ್ಲಿ ಮೊದಲನೆಯದು ಅದೇ ಮಸ್ಟರ್ಡ್. ಎರಡನೆಯದು ವಿನ್‌ಕ್ರಿಸ್ಟೀನ್, ನಮ್ಮ ಅಂಗಳಗಳಲ್ಲಿ ನೀರು ಹಾಕದಿದ್ದರೂ ಹೂಬಿಡುವ ನಿತ್ಯಪುಷ್ಪದ ಗಿಡದಿಂದ ಬಂದದ್ದು. ಮುಂದುವರಿದ ಹಂತದಲ್ಲಿ ಸಾವೇ ಗತಿಯಾಗಿದ್ದ ಆ ಕಾಯಿಲೆಯಿಂದ ಅರ್ಧದಷ್ಟು ರೋಗಿಗಳು ಉಳಿಯಲಾರಂಭಿಸಿದರು. ಮುಂದೆ ಮಸ್ಟರ್ಡಿನ ಜಾಗದಲ್ಲಿ ಅದರದೇ ವಂಶದ, 1950ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಾದ ಸೈಕ್ಲೋಫಾಸ್ಫಮೈಡನ್ನು ಸೇರಿಸಿದ ಮತ್ತೊಂದು ಜೋಡಣೆ ಬಳಕೆಗೆ ಬಂತು. ನನ್ನ ವಿದ್ಯಾರ್ಥಿಗೆ 1989ರಲ್ಲಿ ಕೊಟ್ಟದ್ದು ಅದನ್ನೇ. ಹಳೆಯ ಚೀಟಿಯನ್ನು ಅವನೇ ತೋರಿಸಿದ.

ದೂರವಾಣಿ ಮಾಡಿದ ನನ್ನ ವಿದ್ಯಾರ್ಥಿನಿಗಾಗಿ ಇನ್ನೊಂದು ಸಂಗತಿ. ಜಾನಿ ತೀರಿಕೊಂಡು ಕೆಲವೇ ತಿಂಗಳುಗಳಾಗಿದ್ದಾಗ, 1947ರ ಕೊನೆಯಲ್ಲಿ, ಬಾಸ್ಟನ್ ನಗರದಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧಿಯನ್ನು ಕೊಟ್ಟರು. 1948ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಕ್ಕಳು ಚೇತರಿಸಿಕೊಂಡಿದ್ದರು. ತಾತ್ಕಾಲಿಕವಾಗಿ, ನಿಜ. ಆದರೆ ಅಲ್ಲಿಯವರೆಗೆ ಅಷ್ಟೂ ಇರಲಿಲ್ಲ. ಆ ಔಷಧಿ ಬಂದದ್ದು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಮುಖ್ಯಸ್ಥರಾಗಿದ್ದ ಲೆಡರ್ಲಿ ಪ್ರಯೋಗಾಲಯದಿಂದ. ಸುಬ್ಬರಾವ್ ಅವರು 1948ರಲ್ಲಿಯೇ ನಿಧನರಾದರು. ತಮ್ಮ ಕೆಲಸ ಎಲ್ಲಿಗೆ ಮುಟ್ಟಿತೆಂಬುದನ್ನು ನೋಡಲಿಲ್ಲ. ಅದೇ ಗುಂಪಿನ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಬಗೆಯ ರಕ್ತದ ಕ್ಯಾನ್ಸರಿನಲ್ಲಿ, ಒಳ್ಳೆಯ ಚಿಕಿತ್ಸೆ ದೊರೆಯುವ ದೇಶಗಳಲ್ಲಿ, ಈಗ ನೂರಕ್ಕೆ ಸುಮಾರು 90 ಮಕ್ಕಳು ಉಳಿಯುತ್ತಾರೆ. ಉಳಿಯದ ಎಷ್ಟೋ ಮಕ್ಕಳ ಮೇಲೆ, ಅವರ ತಂದೆ ತಾಯಿಗಳ ಒಪ್ಪಿಗೆಯ ಮೇಲೆ, ಈ 90 ಎಂಬ ಅಂಕಿ ನಿಂತಿದೆ.

ಈಗ ಕೇಳು ತಾಯಿ. ನೀನು ಏನು ಮಾಡಲಿ ಎಂದು ಕೇಳಿದೆಯಲ್ಲ. ವೈದ್ಯರು ಹೇಳಿದ್ದನ್ನು ತಪ್ಪದೆ ನಡೆಸು, ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡ ಎಂಬುದನ್ನೆಲ್ಲ ಅವರೇ ನಿನಗೆ ಹೇಳಿರುತ್ತಾರೆ. ನಾನು ಹೇಳಬಲ್ಲುದು ಇಷ್ಟೆ. ಮಗಳು ಕೇಳಿದ್ದಕ್ಕೆ ಸುಳ್ಳು ಹೇಳಬೇಡ, ಅವಳಿಗೆ ನಿನಗಿಂತ ಮೊದಲೇ ತಿಳಿದಿರಬಹುದು. ಅವಳ ಶಾಲೆಗೆ ಹೋಗಿ ಅವಳ ತರಗತಿಯ ಟೀಚರನ್ನು ನೋಡು. ಆಕೆಯೋ ಆತನೋ ನನ್ನ ಹಾಗೆ ಲೆಕ್ಕ ಹಾಕುತ್ತ ಕುಳಿತಿದ್ದರೆ ಬೇಸರಪಡದೆ, ಎದ್ದು ನಿಂತು ಕೇಳು. ಫಲ ಹೇಗೇ ಇರಲಿ, ಇದು ವ್ಯರ್ಥವಾಗದು. ಜಾನಿಗೆ ಪದವಿಪತ್ರ ಉಪಯೋಗಕ್ಕೆ ಬರಲಿಲ್ಲವೆಂದು ಯಾರಾದರೂ ಹೇಳಬಹುದು. ಆ ಹಾದಿಯನ್ನು ಅವನು ನಡೆದದ್ದನ್ನು ಕಣ್ಣಾರೆ ಕಂಡ ತಂದೆ ತಾಯಿ ಹಾಗೆ ಹೇಳಲಿಲ್ಲ. ಪುಸ್ತಕದ ಕೊನೆಯಲ್ಲಿ ಬರೆದ ತಾಯಿ ಫ್ರಾನ್ಸಿಸ್‌ಗೆ ಉಳಿದಿದ್ದ ಕೊರಗು, ಅವನಿದ್ದಾಗ ಇನ್ನೂ ಹೆಚ್ಚು ಪ್ರೀತಿಸಬೇಕಿತ್ತು ಎಂಬುದೊಂದೇ.

ನನ್ನ ಆ ವಿದ್ಯಾರ್ಥಿಗೆ ಈಗ ಐವತ್ತು ದಾಟಿದೆ. ತೋಟ ನೋಡಿಕೊಂಡಿದ್ದಾನೆ. ಇದನ್ನು ಬರೆಯಲೇ ಎಂದು ಕೇಳಿದಾಗ, "ಹೆಸರು ಹಾಕ್ಬೇಡಿ ಸಾರ್" ಎಂದು ನಕ್ಕ. ಅವನ ತಂದೆ 2011ರಲ್ಲಿ ತೀರಿಕೊಂಡರು. ಅದಕ್ಕೆ ಮುಂಚೆ ಎಷ್ಟೋ ಸಲ ಸಂತೆಯಲ್ಲಿ, ಮದುವೆಮನೆಗಳಲ್ಲಿ ಸಿಕ್ಕಿದ್ದರು. ಯೋಗಕ್ಷೇಮ ಮಾತಾಡಿದ್ದೆವು, ಎಲೆ ಅಡಿಕೆ ಹಾಕಿಕೊಂಡಿದ್ದೆವು. ಅಂದು ನಾನು ಹೇಳಿದ್ದು ತಪ್ಪು, ನೀವು ಹೇಳಿದ್ದೇ ಸರಿ ಎಂಬ ಮಾತನ್ನು ಮಾತ್ರ ಮೇಷ್ಟ್ರಾದ ನನ್ನ ಬಾಯಿ ಒಮ್ಮೆಯೂ ಆಡಲಿಲ್ಲ. ಆದುದರಿಂದ ಇಲ್ಲಿ ಬರೆದಿದ್ದೇನೆ.

ನಿಮ್ಮೆಲ್ಲರ ಮಕ್ಕಳಿಗೂ ಆಯುರಾರೋಗ್ಯಗಳು ದೊರೆಯಲಿ.